ಖಂಡೇಪೂಜೆಯ ದಿನದ ಭಟ್ಟಿ

ಕಾಕಾಸಾಹೇಬ ಸರ್ ಅವರಿಗೆ ಶಾಲು ಹೊದಿಸಿದ್ದನ್ನು ನಾನು ಸಹಿಸಿಕೊಂಡೆ. ಗುಲಾಬಿ ಹಾರವನ್ನೂ ಸಹಿಸಿಕೊಂಡೆ. ನಿವೃತ್ತರಾಗುವವರಿಗೆ ಶಾಲು, ಹಾರ, ಒಂದು ಗೋಡೆ ಗಡಿಯಾರ ಕೊಡುವುದು ನಮ್ಮ ಚಿಕ್ಕೋಡಿ ಕಡೆಯ ಪದ್ಧತಿ. ಮನುಷ್ಯ ಎಂಥವನೇ ಇರಲಿ, ಹೋಗುವ ದಿನ ಎಲ್ಲರೂ ಒಳ್ಳೆಯವರೇ. ಆದರೆ ಮೈಕಿನ ಮುಂದೆ ನಿಂತವರು, "ಕತ್ತಲಲ್ಲಿ ಮನುಷ್ಯನ ಮೈಯ ಕಾವನ್ನು ಹಾಯಿಸಿ ತೋರಿಸುವ ಗಾಜನ್ನು ನಮ್ಮ ಸರ್ ಇದೇ ಕಾಲೇಜಿನಲ್ಲಿ ಕಂಡುಹಿಡಿದರು. ತಮ್ಮ ಸ್ವಂತ ಕೈಯಿಂದ ಭಟ್ಟಿ ಆರಿಸಿ ಕಂಡುಹಿಡಿದರು" ಎಂದಾಗ ನನಗೆ ತಡೆಯಲಾಗಲಿಲ್ಲ. ಅದಕ್ಕೆ ಚಪ್ಪಾಳೆ ಬೇರೆ!

ಆ ಗಾಜು ಮಾಡಿದವಳು ನನ್ನ ಅಕ್ಕ ಅಕ್ಕುತಾಯಿ. ಅದೇ ಸಭೆಯಲ್ಲಿ ಐದನೇ ಸಾಲಿನ ಕಬ್ಬಿಣದ ಕುರ್ಚಿಯ ಮೇಲೆ ಅವಳು ಕೂತಿದ್ದಳು. ಆ ಕಾಲೇಜಿನಲ್ಲಿ ಹದಿನೇಳು ವರ್ಷ ಭೌತಶಾಸ್ತ್ರ ಕಲಿಸಿದವಳಿಗೆ ವೇದಿಕೆಯ ಮೇಲೆ ಹೋಗಲಿ, ಮುಂದಿನ ಸಾಲಿನಲ್ಲೂ ಜಾಗ ಇರಲಿಲ್ಲ. ನಮ್ಮಿಬ್ಬರ ನಡುವೆ ನಮ್ಮವ್ವ ಸೀತವ್ವ, ಕೋಲು ಹಿಡಿದುಕೊಂಡು. ನಾನು ಎದ್ದು ನಿಂತೆ. ಅವ್ವ ನನ್ನ ಅಂಗಿಯ ತುದಿ ಹಿಡಿದು ಜಗ್ಗಿದಳು.

"ಕೂಡ ದಶ್ಯಾ. ಅವರದು ಇನ್ನೂ ಮುಗದಿಲ್ಲ."

ಕೂತೆ. ಇದು ೧೯೯೯ರ ಮಾತು. ಕೂತಲ್ಲೇ ನನ್ನೊಳಗೆ ಕುದ್ದದ್ದನ್ನು ಈಗ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ನನ್ನ ಪೆನ್ನು ಹೊಲಸಾದೀತು.

ನಾನು ದಶರಥ, ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ನಮ್ಮದು ಕಾಗವಾಡದ ಆಚೆ ಒಂದು ಸಣ್ಣ ಹಳ್ಳಿ. ಅಪ್ಪ ಹೋದ ಮೇಲೆ ಅವ್ವ ನಮ್ಮಿಬ್ಬರನ್ನು ಕಟ್ಟಿಕೊಂಡು ನಿಪ್ಪಾಣಿಗೆ ಬಂದಳು. ಹಗಲು ತಂಬಾಕಿನ ವಖಾರಿಯಲ್ಲಿ ದುಡಿತ, ಸಂಜೆ ಮನೆಯಲ್ಲಿ ಬೀಡಿ ಕಟ್ಟುವುದು. ಅಕ್ಕ ಅವಳ ಮೊರದ ಪಕ್ಕದಲ್ಲೇ ಕೂತು ಓದಿದಳು. ನಿಪ್ಪಾಣಿಯಲ್ಲಿ ಬಿ.ಎಸ್ಸಿ., ಕೊಲ್ಹಾಪುರದಲ್ಲಿ ಎಂ.ಎಸ್ಸಿ. ಅಕ್ಕನ ಪುಸ್ತಕಗಳಿಂದ ಇವತ್ತಿಗೂ ತಂಬಾಕಿನ ವಾಸನೆ ಹೋಗಿಲ್ಲ. ಅವಳಿಗೆ ಚಿಕ್ಕೋಡಿಯ ಕಾಲೇಜಿನಲ್ಲಿ ನೌಕರಿ ಸಿಕ್ಕಾಗ ಅವ್ವ ಮನೆಯ ಗೋಡೆಯ ಮೇಲಿನ ಬುದ್ಧನಿಗೂ ಬಾಬಾಸಾಹೇಬರಿಗೂ ಕೈಮುಗಿದು, ಓಣಿಗೆಲ್ಲ ಪೇಡೆ ಹಂಚಿದಳು.

ಕಾಕಾಸಾಹೇಬ ಸರ್ ಆಗ ವಿಭಾಗದ ಮುಖ್ಯಸ್ಥರು. ಕಬ್ಬು, ದ್ರಾಕ್ಷಿ ಎರಡೂ ಇದ್ದ ದೊಡ್ಡ ಮನೆತನ. ಮಾತು ಬಲು ಮೃದು. ಸ್ಟಾಫ್ ರೂಮಿನ ಮಣ್ಣಿನ ಗಡಿಗೆಯಿಂದ ಅಕ್ಕ ನೀರು ಕುಡಿಯಬಾರದೆಂದು ಅವರು ಒಮ್ಮೆಯೂ ಅನ್ನಲಿಲ್ಲ. ಅವಳು ಕುಡಿದ ಮರುದಿನ ಗಡಿಗೆ ಬದಲಾಯಿತು, ಅಷ್ಟೇ. ಅನ್ನದೆಯೇ ತಿಳಿಸುವ ವಿದ್ಯೆ ನಮ್ಮ ಕಡೆ ಚೆನ್ನಾಗಿ ಬೆಳೆದಿದೆ. ಅಂದಿನಿಂದ ಅಕ್ಕ ಮನೆಯಿಂದಲೇ ನೀರಿನ ಬಾಟಲಿ ಒಯ್ದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

"ಆ ಗಡಿಗಿ ಒಡದ ಬರಬೇಕಿಲ್ಲೋ?" ಎಂದೆ.

"ಗಡಿಗಿ ಒಡದ್ರ ಗಡಿಗಿ ಸುದ್ದಿನ ಆಗತೈತಿ, ದಶ್ಯಾ. ನನಗ ಗಾಜ ಮಾಡೂದೈತಿ" ಎಂದಳು.

ಗಾಜೆಂದರೆ ಕಿಟಕಿಗೆ ಹಾಕುವ ಗಾಜಲ್ಲ. ಅವಳ ಗಾಜು ಕರ್ರಗೆ ಇರುತ್ತಿತ್ತು. ಸೆಲೆನಿಯಂ, ಟೆಲ್ಯೂರಿಯಂ, ಜರ್ಮೇನಿಯಂ, ಒಂದಿಷ್ಟು ಆರ್ಸೆನಿಕ್, ಇವನ್ನು ಗಾಳಿ ತೆಗೆದ ಕ್ವಾರ್ಟ್ಝ್ ಕೊಳವೆಯಲ್ಲಿ ಹಾಕಿ ಬಾಯಿ ಮುಚ್ಚಿ, ಭಟ್ಟಿಯಲ್ಲಿ ಒಂದು ಹಗಲು ಒಂದು ರಾತ್ರಿಯಾದರೂ ಕುದಿಸಬೇಕು. ಕುದಿಯುವಾಗ ಭಟ್ಟಿ ತೊಟ್ಟಿಲಿನ ಹಾಗೆ ತೂಗುತ್ತಿರಬೇಕು, ಇಲ್ಲದಿದ್ದರೆ ಒಳಗಿನದು ಬೆರೆಯುವುದಿಲ್ಲ. ಗಾಳಿಯ ಅಂಶ ಒಂಚೂರು ಉಳಿದರೂ ಆ ಗಾಜು ಕಾವನ್ನು ಅರ್ಧ ದಾರಿಯಲ್ಲೇ ನುಂಗುತ್ತದೆ. ಮೊದಲೆಲ್ಲ ಸಿಮೆಂಟ್ ಚೀಲ ಇಡುತ್ತಿದ್ದ ಹಿಂದಿನ ಕೋಣೆಯನ್ನು ಅವಳಿಗೆ ಕೊಟ್ಟಿದ್ದರು. ಅಲ್ಲಿ ಅವಳೇ ಬೆಂಕಿ ಇಟ್ಟಿಗೆ ಜೋಡಿಸಿ ಭಟ್ಟಿ ಕಟ್ಟಿದಳು. ತೂಗುವುದಕ್ಕೆ ಹಳೆಯ ಹಿಟ್ಟಿನ ಗಿರಣಿಯ ಪಟ್ಟಿ, ಚಕ್ರ ತಂದು ನಾನು ಜೋಡಿಸಿಕೊಟ್ಟೆ.

ಸರ್ ಒಮ್ಮೆ ಆ ಗಾಜಿನ ತುಂಡನ್ನು ಬೆಳಕಿಗೆ ಹಿಡಿದು ನೋಡಿ ನಕ್ಕಿದ್ದರಂತೆ. "ಆಚಿಗಿನದು ಕಾಣೂದಿಲ್ಲ ಅಂದಮ್ಯಾಲೆ ಇದಕ್ಕ ಗಾಜ ಯಾಕ ಅಂತೀರಿ ಬಾಯಿ? ಇದ್ದಲಿ ಅನ್ನರಿ."

ಆ ದಿನ ಸಂಜೆ ಅಕ್ಕ ಒಂದು ಬಿಲ್ಲೆಯನ್ನೂ, ಕಾವು ಅಳೆಯುವ ಸಣ್ಣ ಪೆಟ್ಟಿಗೆಯನ್ನೂ ಮನೆಗೆ ತಂದಳು. ಬಿಲ್ಲೆಯ ಹಿಂದೆ ಉರಿಯುವ ಬೀಡಿ ಹಿಡಿಯಲು ಅವ್ವನಿಗೆ ಹೇಳಿದಳು. ಬೀಡಿ ಕಾಣಲಿಲ್ಲ, ಅದರ ಕೆಂಡವೂ ಕಾಣಲಿಲ್ಲ. ಪೆಟ್ಟಿಗೆಯ ಮುಳ್ಳು ಮಾತ್ರ ಸರ್ರನೆ ಸರಿಯಿತು. ಬೀಡಿ ತೆಗೆದರೆ ಹಿಂದೆ ಬಂತು. ಕಿಟಕಿಯ ಗಾಜನ್ನು ಅಡ್ಡ ಹಿಡಿದಾಗ ಮುಳ್ಳು ಮಿಸುಕಲಿಲ್ಲ. ಕಣ್ಣಿಗೆ ಕಾಣದ, ಮೈಗೆ ಮಾತ್ರ ಗೊತ್ತಾಗುವ ಕಿರಣವಿದೆ, ಅದಕ್ಕೆ ಅವಕೆಂಪು ಎನ್ನುತ್ತಾರೆ, ಅದು ಬೆಳ್ಳಗಿನ ಗಾಜಿನಲ್ಲಿ ಹಾಯುವುದಿಲ್ಲ, ಈ ಕರಿಯದರಲ್ಲಿ ಹಾಯುತ್ತದೆ ಎಂದು ಅಕ್ಕ ತಿಳಿಸಿ ಹೇಳಿದಳು. ಅವ್ವ ಬೀಡಿಯನ್ನು ಮತ್ತೆ ಮತ್ತೆ ಹಿಡಿದು ತೆಗೆದು ನೋಡಿ, "ಕರೀದು ಖರೆ, ಆದ್ರ ಕಾವು ತಡಿಯೂದಿಲ್ಲ. ಚಲೋ ಐತಿ" ಎಂದಳು.

ತೊಂದರೆ ಇದ್ದದ್ದು ಕುದಿದ ಗಾಜನ್ನು ಆರಿಸುವುದರಲ್ಲಿ. ಅದನ್ನು ಅಕ್ಕ ನನಗೆ ಊಟಕ್ಕೆ ಕೂತಾಗ ವಿವರಿಸಿದ್ದಳು.

"ಕುದಿಯೂಮುಂದ ಒಳಗ ಎಲ್ಲಾರೂ ಕೂಡಿ ಬೆರತ ಇರ್ತಾರ. ಸಾವಕಾಶ ಆರಿಸಿದಿ ಅಂದ್ರ ತಮ್ಮ ತಮ್ಮ ಜಾಗಾ ಹುಡಕಾಕ ಪುರಸೊತ್ತ ಸಿಗತೈತಿ. ಊರ ಊಟದಾಗ ಪಂಕ್ತಿ ಹಿಡದ ಕೂಡೂದಿಲ್ಲೇನು, ಹಂಗ. ಅದಕ್ಕ ಹರಳ ಅಂತಾರ. ಹರಳ ಕೂತ್ರ ಗಾಜ ಕೆಡತೈತಿ, ಕಾವು ಚದರತೈತಿ. ಅದಕ್ಕ ಬರ್ಫಿನ ನೀರಾಗ ಒಮ್ಮಿಗೇ ಅದ್ದಿ, ಯಾರಿಗೂ ಪಂಕ್ತಿ ಹುಡಕಾಕ ಹೊತ್ತ ಕೊಡಬಾರದು."

"ಹೊತ್ತ ಕೊಟ್ರೂ ಪಂಕ್ತಿ ಹಿಡೀಲಾರದ್ದು ಇಲ್ಲೇನು?" ಎಂದು ನಾನು ತಮಾಷೆಗೆ ಕೇಳಿದೆ.

ಅಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಅದನ್ನ ಹುಡಕಾಕತ್ತೇನಿ" ಎಂದಳು.

ಹುಡುಕುವುದಕ್ಕೆ ಕಾರಣವಿತ್ತು. ದೊಡ್ಡ ಊರಿನ ಒಂದು ಸರ್ಕಾರಿ ಲ್ಯಾಬಿನವರಿಗೆ ಕತ್ತಲಲ್ಲಿ ಕಾವು ನೋಡುವ ಯಂತ್ರಕ್ಕೆ ದಪ್ಪ ಮಸೂರ ಬೇಕಿತ್ತು. ದಪ್ಪ ಗಾಜನ್ನು ಬರ್ಫಿನಲ್ಲಿ, ಅಂದರೆ ಮಂಜುಗಡ್ಡೆಯ ನೀರಿನಲ್ಲಿ, ಅದ್ದಿದರೆ ಸೀಳುತ್ತದೆ, ಸಾವಕಾಶ ಆರಿಸಿದರೆ ಹರಳುಗಟ್ಟುತ್ತದೆ. ಅಲ್ಲಿಯ ಡಾಕ್ಟರ್ ಬಾಹುಬಲಿ ಮೂಲತಃ ಅಥಣಿ ಕಡೆಯವರು. ಅಕ್ಕನ ಭಾಷಣವನ್ನು ಕೊಲ್ಹಾಪುರದ ಒಂದು ಸಭೆಯಲ್ಲಿ ಕೇಳಿ, ಒಂದು ಸಲಕ್ಕಾಗುವಷ್ಟು ಜರ್ಮೇನಿಯಂ ಕಳಿಸಿದರು. ಬಂಗಾರದಷ್ಟು ದುಬಾರಿ ಪದಾರ್ಥ. ಒಳ್ಳೆಯ ಗಾಜು ಬಂದರೆ ಅವಳ ಪಿಎಚ್‌.ಡಿ.ಗೆ ತಮ್ಮ ಲ್ಯಾಬಿನಲ್ಲಿ ಜಾಗ ಕೊಡುವುದಾಗಿಯೂ, ದಸರೆಯ ನಂತರ ತಾವೇ ಬಂದು ನೋಡುವುದಾಗಿಯೂ ತಿಳಿಸಿದರು. ಅಕ್ಕನ ಇಡೀ ಜನ್ಮ ಆ ಒಂದು ಭಟ್ಟಿಯ ಮೇಲೆ ನಿಂತಿತ್ತು.

೧೯೮೭ರ ದಸರೆ. ಭಟ್ಟಿ ಯಾವಾಗ ಹಚ್ಚಬೇಕೆಂದು ಅಕ್ಕ ನನ್ನನ್ನು ಕೇಳಿದಳು. ನಮ್ಮ ಕಡೆ ಪಂಪು, ಮಗ್ಗ, ಗಿರಣಿ ಎಲ್ಲ ಒಟ್ಟಿಗೆ ನಡೆದಾಗ ಕರೆಂಟು ಮಿಣುಕುತ್ತದೆ. ವರ್ಷದಲ್ಲಿ ಒಂದು ದಿನ ಮಾತ್ರ ವೋಲ್ಟೇಜು ಗಟ್ಟಿಯಾಗಿ ನಿಲ್ಲುತ್ತದೆ, ಅದು ಖಂಡೇನವಮಿ. ಅವತ್ತು ಕೊಡಲಿ ಕುಡುಗೋಲಿನಿಂದ ಹಿಡಿದು ಟ್ರಾಕ್ಟರಿನವರೆಗೆ ಎಲ್ಲವನ್ನೂ ತೊಳೆದು, ಕುಂಕುಮ ಹಚ್ಚಿ, ಪೂಜೆಗೆ ಇಡುತ್ತಾರೆ. ಯಾವ ಯಂತ್ರವೂ ನಡೆಯುವುದಿಲ್ಲ. "ಅವತ್ತ ಹಚ್ಚು" ಎಂದೆ. ಆ ಸಲಹೆಯಲ್ಲಿ ತಪ್ಪೇನೂ ಇಲ್ಲವೆಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ಅಷ್ಟಮಿಯ ಬೆಳಗಿಗೇ ಅವಳು ಐದು ಕೊಳವೆಗಳನ್ನು ಭಟ್ಟಿಗೆ ಇಟ್ಟಳು. ಐದರಲ್ಲೂ ಪದಾರ್ಥದ ಪಾಲು ಬೇರೆ ಬೇರೆ. ನವಮಿಯ ಸಂಜೆ ತೆಗೆದು ಬರ್ಫಿನಲ್ಲಿ ಅದ್ದುವುದೆಂದು ಲೆಕ್ಕ. ನವಮಿಯ ಬೆಳಗ್ಗೆ ಅವಳೇ ಅಲ್ಲಿರಬಹುದಿತ್ತು. ಆದರೆ ಸರ್ ಪ್ರತಿ ವರ್ಷದಂತೆ ಆ ವರ್ಷವೂ ಬಂದು ತಮ್ಮ ಮೃದು ದನಿಯಲ್ಲಿ, "ನಾಳೆ ಲ್ಯಾಬಿನ್ಯಾಗ ಪೂಜಾ ಐತಿ. ನಿಮ್ಮವರೊಳಗ ಇದೆಲ್ಲಾ ಇಲ್ಲಲ್ಲ, ಮನ್ಯಾಗ ಆರಾಮ ಇರ್ರಿ ಬಾಯಿ" ಎಂದಿದ್ದರು. ಪೂಜೆಯ ಹೊತ್ತಿಗೆ ಅವಳು ಅಲ್ಲಿ ಕಾಣಬಾರದು, ಅದರ ಅರ್ಥ ಅಷ್ಟು. ಜವಾನ ಭೀಮಸಿಗೆ ಭಟ್ಟಿ ಒಪ್ಪಿಸಿ, ಸ್ವಿಚ್ಚನ್ನು ಯಾರೂ ಮುಟ್ಟಬಾರದೆಂದು ಕೈಮುಗಿದು ಹೇಳಿ, ಅವಳು ನಿಪ್ಪಾಣಿ ಬಸ್ಸು ಹತ್ತಿದಳು.

ಸಂಜೆ ನಾವಿಬ್ಬರೂ ಬಂದೆವು. ನನ್ನ ಹೆಗಲ ಮೇಲೆ ಹೊಟ್ಟಿನಲ್ಲಿ ಸುತ್ತಿದ ಬರ್ಫಿನ ಚೀಲ. ಕೋಣೆಯ ಬಾಗಿಲಲ್ಲೇ ಅಕ್ಕ ನಿಂತುಬಿಟ್ಟಳು. ತೊಟ್ಟಿಲು ತೂಗುವ ಸದ್ದು ಇರಲಿಲ್ಲ. ಭಟ್ಟಿಯ ಮೇಲೆ ಚೆಂಡುಹೂವಿನ ದೊಡ್ಡ ಹಾರ. ಇಟ್ಟಿಗೆಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಮುಂದೆ ಒಡೆದ ತೆಂಗಿನಕಾಯಿ. ಮೇನ್ ಸ್ವಿಚ್ಚು ಕೆಳಗೆ ಬಿದ್ದಿತ್ತು.

ಭೀಮಸಿ ಮೂಲೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. "ನಾ ಬ್ಯಾಡ ಅಂದ್ನಿರಿ ಬಾಯಾರ. ಪೂಜಿ ದಿನಾ ಯಂತ್ರ ನಡಸ್ತಾರೇನಲೇ, ಎಲ್ಲಾ ಮೈಲಗಿ ಮಾಡಿಟ್ಟಾರ ಅಂತ ಸಾಹೇಬ್ರು ಬೈದ್ರು. ತಾವ ಸ್ವಿಚ್ಚ ಎಳದ್ರು. ಹನ್ನೊಂದಕ್ಕ ಆರೇತ್ರಿ."

ಅಕ್ಕ ಅಳುತ್ತಾಳೆಂದುಕೊಂಡೆ. ಅವಳು ಅಳಲಿಲ್ಲ. ಆ ಹಾರವನ್ನು ಎತ್ತಿಕೊಂಡು ಹೋಗಿ ಸರ್ ಅವರ ಖಾಲಿ ಕುರ್ಚಿಯ ಬೆನ್ನಿಗೆ ತೊಡಿಸಿ, ಸತ್ತವರ ಫೋಟೋಕ್ಕೆ ಸರಿಪಡಿಸುವಂತೆ ಎರಡೂ ಬದಿ ಸರಿಪಡಿಸಿ ಬಂದಳು. ನನಗೆ ಅಂಥ ಸಿಟ್ಟಿನಲ್ಲೂ ನಗು ಬಂತು. ಅವಳು ನಗಲಿಲ್ಲ. ಬರ್ಫು ಚೀಲದಲ್ಲೇ ಕರಗಿ ನೆಲವೆಲ್ಲ ನೀರಾಯಿತು.

ಭಟ್ಟಿ ಇನ್ನೂ ಬೆಚ್ಚಗಿತ್ತು. ಒಂದೊಂದೇ ಕೊಳವೆ ಹೊರತೆಗೆದಳು. ಮೊದಲನೆಯದು ಬೂದಿ ಬಣ್ಣಕ್ಕೆ ತಿರುಗಿತ್ತು, ಒಡೆದರೆ ಹಳೆಯ ಬೆಲ್ಲದಂತೆ ಒಳಗೆಲ್ಲ ಹರಳು. ಎರಡನೆಯದೂ ಹಾಗೆಯೇ. ಮೂರು, ನಾಲ್ಕು, ಎಲ್ಲ ಪುಡಿ. ಐದನೆಯದನ್ನು ಅವಳು ನೋಡುವ ಮನಸ್ಸಿಲ್ಲದೆ ಬದಿಗಿಟ್ಟಳು. ನಾನೇ ಎತ್ತಿ ಕೊಟ್ಟೆ. ಒಡೆದಾಗ ಒಳಗಿನಿಂದ ಕರಿಯ, ನುಣುಪಾದ, ಮುಖ ಕಾಣುವಂಥ ಗಾಜು ಬಂತು. ಒಂದು ಹರಳಿಲ್ಲ. ಆರ್ಸೆನಿಕ್ಕಿನ ಪಾಲು ಹೆಚ್ಚು ಮಾಡಿ ನೋಡೋಣವೆಂದು ಅವಳು ಹಾಕಿದ್ದ ಕೊಳವೆ ಅದು.

"ದಶ್ಯಾ, ಇದು ಪಂಕ್ತಿ ಹಿಡಿದಿಲ್ಲ" ಎಂದಳು. "ಇಡೀ ಹಗಲ ಹೊತ್ತ ಕೊಟ್ರೂ ಹಿಡಿದಿಲ್ಲ." ಆ ತುಂಡನ್ನು ಸೆರಗಿನಿಂದ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು. ಖುಷಿಗೋ ಸಿಟ್ಟಿಗೋ ಗೊತ್ತಾಗಲಿಲ್ಲ. ಖುಷಿಯನ್ನು ಖುಷಿಯಾಗಿ ಅನುಭವಿಸುವುದಕ್ಕೂ ಆ ಜನ ಅವಳಿಗೆ ಬಿಡಲಿಲ್ಲ. ಮರುದಿನ ವಿಜಯದಶಮಿ, ನಮ್ಮವರು ಧಮ್ಮದೀಕ್ಷೆಯನ್ನು ನೆನೆಯುವ ದಿನ. ಬಿಳಿ ಸೀರೆ ಉಟ್ಟು ವಿಹಾರದಲ್ಲಿ ಕೂತವಳು ಆ ತುಂಡನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದಳು.

ಬಾಹುಬಲಿಯವರು ಬಂದ ದಿನ ಲ್ಯಾಬಿಗೆ ನಾನೂ ಹೋಗಿದ್ದೆ. ಬೂದಿಯಾದ ನಾಲ್ಕು ತುಂಡುಗಳನ್ನು ಮೇಜಿನ ಮೇಲೆ ನೋಡಿ ಅವರು ಹುಬ್ಬು ಗಂಟಿಕ್ಕಿದರು. ಕಾಕಾಸಾಹೇಬ ಸರ್ ಕೂಡಲೇ ಬಾಯಿ ಹಾಕಿದರು.

"ಕರೆಂಟ್ ಹೋಗಿತ್ರಿ. ನಮ್ಮ ಕಡೆ ಲೈನ್‌ಮನ್‌ಗೋಳ ಹಣೇಬಾರ ನಿಮಗ ಗೊತ್ತ ಐತೆಲ್ಲ."

ಅದೂ ನನ್ನ ಮುಂದೆ! ನಾನು ಕೈ ಕಟ್ಟಿ ನಿಂತವನು ಕೈ ಬಿಟ್ಟೆ. "ಸಾಹೇಬ್ರ, ನವಮಿ ದಿನಾ ಚಿಕ್ಕೋಡಿ ಲೈನ್ ಕಣ್ಣ ಸೈತ ಮಿಟಕಿಸಿಲ್ರಿ. ಡ್ಯೂಟಿ ಮ್ಯಾಲ ನಮ್ಮ ಮಂದಿನ ಇದ್ರು."

"ಇಂವಾ ಆಕಿ ತಮ್ಮ, ಹಂಗ ಹೇಳಾಂವನ" ಎಂದು ಸರ್ ನಕ್ಕರು.

ಅಷ್ಟರಲ್ಲಿ ಬಾಹುಬಲಿಯವರು ಐದನೆಯ ತುಂಡನ್ನು ಎತ್ತಿ ಅಂಚು ನೋಡಿದರು, ಭೂತಗನ್ನಡಿ ಹಿಡಿದು ನೋಡಿದರು, ಕುರ್ಚಿಯಿಂದ ಎದ್ದೇ ನಿಂತರು. "ಇದೂ ಅದ ಭಟ್ಟಿಯೊಳಗ ಸಾವಕಾಶ ಆರಿದ್ದೇನು? ನಾವು ಇಷ್ಟ ವರ್ಷ ಹುಡಕಾಕತ್ತಿದ್ದು ಇದ. ಯಾರು ಆರಿಸಿದ್ರು ಇದನ್ನ?"

"ನಾನ ಆರಿಸಿದ್ನಿರಿ" ಎಂದರು ಕಾಕಾಸಾಹೇಬ ಸರ್. "ಬೇಕಂತನ ಆರಿಸಿದೆ. ಸಾವಕಾಶ ಆರಿದ್ರ ಏನಾಗತೈತಿ ನೋಡೂಣಂತ."

ಗೆದ್ದೆತ್ತಿನ ಬಾಲ ಹಿಡಿಯುವವರನ್ನು ನಾನು ಬಹಳ ನೋಡಿದ್ದೇನೆ. ಎತ್ತನ್ನು ಕೊಲ್ಲಲು ಹೋಗಿ, ಅದು ಬದುಕಿ ಗೆದ್ದ ಮೇಲೆ ಬಾಲ ಹಿಡಿದವನನ್ನು ಅವತ್ತೇ ಕಂಡದ್ದು.

"ಈಗಷ್ಟ ಕರೆಂಟ್ ಹೋಗಿತ್ತಂದ್ರೆಲ್ರಿ ಸರ್?" ಎಂದು ಅಕ್ಕ ಕೇಳಿದಳು.

"ಅದು ಬ್ಯಾರೆ, ಇದು ಬ್ಯಾರೆ" ಎಂದರು ಸರ್.

ಬಾಹುಬಲಿಯವರಿಗೆ ಎಲ್ಲ ತಿಳಿಯಿತು. ತಿಳಿದೂ ನೆಲ ನೋಡಿದರು. ಒಳ್ಳೆಯ ಮನುಷ್ಯರು ನೆಲ ನೋಡುವುದರಿಂದಲೇ ಇಂಥವರ ಸಂಸಾರ ನಡೆಯುತ್ತದೆ. ಕೊನೆಗೆ ಅವರು ಇಷ್ಟು ಮಾತ್ರ ಹೇಳಿದರು: "ಒಂದ ಸಲ ಬಂದದ್ದು ನಸೀಬ, ಎರಡನೇ ಸಲ ಬಂದ್ರ ಗಾಜ. ಇನ್ನೊಮ್ಮೆ ಜರ್ಮೇನಿಯಂ ಕಳಸ್ತೇನಿ. ಯಾರು ಮಾಡಿ, ಯಾರು ಆರಿಸಿ ಕೊಡ್ತೀರೋ, ಗಾಜ ಅವರ ಹೆಸರಲೇ ಇರ್ಲಿ."

ಜರ್ಮೇನಿಯಂ ಬಂತು, ಮುಖ್ಯಸ್ಥರ ವಿಳಾಸಕ್ಕೆ. ಸರ್ ಅದನ್ನು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಕ್ಕ ಕೇಳಿದಾಗಲೆಲ್ಲ, "ಹೊತ್ತ ಬರ್ಲಿ ಬಾಯಿ" ಎಂಬ ಮಾತು. ಹೊತ್ತು ಬರಲು ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಊರೆಲ್ಲ ಒಂದು ಸುದ್ದಿ ಹಬ್ಬಿತ್ತು: ಸರ್ ದೇವಿಯ ಪೂಜೆ ಮಾಡಿ ಭಟ್ಟಿ ಆರಿಸಿದರು, ದೇವಿಯ ಕೃಪೆಯಿಂದ ಗಾಜು ಬಂತು. ಬಾಹುಬಲಿಯವರು ಇನ್ನು ಕಾಯುವುದಿಲ್ಲ, ಪದಾರ್ಥ ವಾಪಸು ಕಳಿಸಿ ಎಂದಾಗ ಸರ್ ಅಕ್ಕನನ್ನು ಕರೆದು ದಾರಿ ಹೇಳಿದರು. ಅವಳು ಕೊಳವೆ ತುಂಬಿ ಭಟ್ಟಿ ಹಚ್ಚುವುದು. ಖಂಡೇಪೂಜೆಯ ದಿನ, ಹೋದ ವರ್ಷದಂತೆಯೇ, ಹನ್ನೊಂದು ಗಂಟೆಗೆ ಪೂಜೆ ಮಾಡಿ ಅವರು ಆರಿಸುವುದು. ಆರಿಸಿದವರ ಹೆಸರಿಗೆ ಗಾಜು.

ಇಷ್ಟು ಹೇಳಿ ಅವರು ಕಪಾಟಿನ ಬೀಗ ತೆಗೆದದ್ದು ಅಷ್ಟಮಿಯ ಸಂಜೆ. ಹೋದ ವರ್ಷ ಅಷ್ಟಮಿಯ ಬೆಳಗ್ಗೆಯೇ ಹಚ್ಚಿದ್ದರಿಂದ ನವಮಿಯ ಹನ್ನೊಂದಕ್ಕೆ ಆರಿಸಿದರೂ ಒಳಗಿನದು ಬೆರೆತು ಮುಗಿದಿತ್ತು. ಈ ಸಲ ಹನ್ನೊಂದಕ್ಕೆ ಆರಿಸಿದರೆ ಅರ್ಧ ಬೆಂದ ಅನ್ನದಂತೆ ಎಲ್ಲ ಹಾಳು. ಅಕ್ಕ ಅದನ್ನು ಹೇಳಿದಳು. "ದೇವಿ ನೋಡ್ಕೋತಾಳ" ಎಂದರು ಸರ್. ಇನ್ನೊಂದು ಸಲಕ್ಕೆ ಪದಾರ್ಥ ಇರಲಿಲ್ಲ, ಇನ್ನೊಂದು ಸಲ ಯಾರೂ ಕೊಡುವುದೂ ಇರಲಿಲ್ಲ.

ಅಕ್ಕ ಭಟ್ಟಿ ಹಚ್ಚಿದಳು. ನವಮಿಯ ಬೆಳಗ್ಗೆ ಈ ಸಲ ಅವಳು ನಿಪ್ಪಾಣಿಗೆ ಹೋಗಲಿಲ್ಲ. ನಿಪ್ಪಾಣಿಯಿಂದ ನಾನೇ ಅವ್ವನನ್ನು ಮೊದಲ ಬಸ್ಸಿಗೆ ಕರೆತಂದೆ. ಕರೆಸಿದವಳು ಅಕ್ಕ. ಬೀಡಿಯ ಮೊರ ಬಗಲಲ್ಲಿ ಇಟ್ಟುಕೊಂಡೇ ಅವ್ವ ಬಂದಳು.

"ಅವ್ವಾ, ನೀ ಏನೂ ಮಾಡೂದು ಬ್ಯಾಡ. ಇಲ್ಲಿ ಕೂತ ಬೀಡಿ ಕಟ್ಟು" ಎಂದು ಅಕ್ಕ ಜಾಗ ತೋರಿಸಿದಳು.

ಆ ಕೋಣೆಯ ಚಂದವೆಂದರೆ ಅದು ಇಕ್ಕಟ್ಟು. ಭಟ್ಟಿಗೂ ಗೋಡೆಗೂ ನಡುವೆ ಒಬ್ಬರು ಅಡ್ಡ ಸರಿದು ಹೋಗುವಷ್ಟು ಸಂದಿ. ಸಂದಿಯ ಕೊನೆಗೆ ಮೇನ್ ಸ್ವಿಚ್ಚು. ಆ ಸಂದಿಯಲ್ಲಿ ಅವ್ವ ಕಾಲು ಚಾಚಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಕ್ಕ ಭಟ್ಟಿಯ ಈಚೆ ಸ್ಟೂಲಿನ ಮೇಲೆ. ನಾನು ಬಾಗಿಲಲ್ಲಿ.

ಹನ್ನೊಂದಕ್ಕೆ ಸರ್ ಬಂದರು. ಮಿಂದು, ರೇಷ್ಮೆ ಮಡಿ ಉಟ್ಟು, ಬರಿಮೈ ಮೇಲೆ ಶಲ್ಯ, ಕೈಯಲ್ಲಿ ಆರತಿ ತಟ್ಟೆ. ಹಿಂದೆ ಹಾರ, ಕಾಯಿ ಹಿಡಿದ ಭೀಮಸಿ, ಅವನ ಹಿಂದೆ ನಾಲ್ಕೈದು ಮಂದಿ ಮೇಷ್ಟ್ರುಗಳು. ಸಂದಿಯಲ್ಲಿ ಕೂತ ಅವ್ವನನ್ನು ನೋಡಿ ಸರ್ ಅಲ್ಲಿಯೇ ನಿಂತರು.

"ಯಾರಿದು? ಏ ಮುದುಕಿ, ಏಳ ಅಲ್ಲಿಂದ."

"ಮೊಣಕಾಲ ಹಿಡದಾವ್ರಿ ಸಾಹೇಬ್ರ" ಎಂದಳು ಅವ್ವ, ಎಲೆ ಸುತ್ತುತ್ತಲೇ. "ಕೂತ್ರ ಏಳಾಕ ಬರೂದಿಲ್ಲ. ನಿಮಗ ಸ್ವಿಚ್ಚ ಬೇಕೇನ್ರಿ? ನನ್ನ ಮ್ಯಾಲಿಂದ ಕೈ ಚಾಚ್ರಿ. ಇಲ್ಲಾ ರಟ್ಟಿ ಹಿಡದ ಎಬ್ಬಸರಿ. ನಾ ಏನೂ ಅನ್ನೂದಿಲ್ಲ."

ಸರ್ ಒಂದು ಹೆಜ್ಜೆ ಮುಂದೆ ಇಟ್ಟರು. ಅವ್ವನ ಸೆರಗು ಅವರ ಮಡಿಯ ಅಂಚಿಗೆ ಗೇಣು ದೂರದಲ್ಲಿತ್ತು. ಆ ಹೆಜ್ಜೆ ಹಿಂದೆ ಹೋಯಿತು. ಮೇಷ್ಟ್ರುಗಳೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು. ಸರ್ ಗಡಿಯಾರ ನೋಡಿದರು, ಸ್ವಿಚ್ಚು ನೋಡಿದರು, ಅವ್ವನ ಹಳದಿಗಟ್ಟಿದ ಬೆರಳು ನೋಡಿದರು. ಒಂದು ಮೊಳದ ಆಚೆ ಅವರ ಹೆಸರಿತ್ತು. ಅಷ್ಟು ಓದಿದ ಮನುಷ್ಯ, ಒಬ್ಬ ಮುದುಕಿಯನ್ನು ಮುಟ್ಟಿದರೆ ಕೈಗೆ ಸಿಗುತ್ತಿದ್ದ ಹೆಸರನ್ನು ಮುಟ್ಟಲಾರದೆ ನಿಂತಿದ್ದ. ನನಗೆ ನಗಬೇಕೋ ಉಗುಳಬೇಕೋ ತಿಳಿಯಲಿಲ್ಲ.

"ಭೀಮಸಿ, ನೀ ಹೋಗಿ ಆರಿಸಲೇ" ಎಂದರು.

ಭೀಮಸಿ ಕಾಯಿ ಹಿಡಿದ ಎರಡೂ ಕೈ ಎದೆಗೆ ಒತ್ತಿಕೊಂಡ. "ನಾನೂ ಮಡೀಲೆ ಅದೇನ್ರಿ ಸಾಹೇಬ್ರ."

ಹಿಂದೆ ಯಾರೋ ಕೆಮ್ಮಿದಂತೆ ನಕ್ಕರು. ಸರ್ ತಟ್ಟೆಯೊಂದಿಗೆ ತಿರುಗಿದರು.

"ಪೂಜಾ ಮಾಡೂದಿದ್ರ ಮಾಡ್ರಿ ಸರ್" ಎಂದು ಅಕ್ಕ ಸ್ಟೂಲಿನಿಂದಲೇ ಹೇಳಿದಳು. "ಬ್ಯಾಡ ಅನ್ನೂದಿಲ್ಲ. ನಡಿಯೂ ಭಟ್ಟಿಗೆ ಮಾಡ್ರಿ."

ಅವರು ಮಾಡಲಿಲ್ಲ. ಮುಂದಿನ ಕೋಣೆಯ ತಕ್ಕಡಿಗೂ ಸೂಕ್ಷ್ಮದರ್ಶಕಕ್ಕೂ ಹಾರ ಹಾಕಿ, ಕಾಯಿ ಒಡೆಸಿ ಹೋದರು. ನಮ್ಮ ಕೋಣೆಯಲ್ಲಿ ಭಟ್ಟಿ ತೂಗುತ್ತಲೇ ಇತ್ತು. ಸಂಜೆ ಇಳಿಯುವ ಹೊತ್ತಿಗೆ ಅಕ್ಕ ಎದ್ದಳು. ಅವ್ವ ಮೊರ ಬದಿಗಿಟ್ಟು, ಹಿಡಿದಿದ್ದ ಮೊಣಕಾಲು ಹೇಗೋ ಬಿಟ್ಟವು, ಸರಾಗ ಎದ್ದು ದಾರಿ ಕೊಟ್ಟಳು. ಸ್ವಿಚ್ಚು ಎಳೆದದ್ದು ಅಕ್ಕನ ಕೈ. ಬರ್ಫು ತರಿಸಿರಲಿಲ್ಲ. ಬೇಕಾದಷ್ಟು ಹೊತ್ತು ತೆಗೆದುಕೊಂಡು ಆರಲೆಂದು ಬಿಟ್ಟು, ನಾವು ಮೂವರೂ ಮನೆಗೆ ಹೋದೆವು.

ದಶಮಿಯ ಮಧ್ಯಾಹ್ನ ವಿಹಾರದಿಂದ ನೇರ ಬಂದು ಭಟ್ಟಿ ತೆರೆದೆವು. ಎಲ್ಲ ಕೊಳವೆಯಲ್ಲೂ ಅದೇ ಪಾಕ ಹಾಕಿದ್ದಳು. ಎಲ್ಲವೂ ಕರ್ರಗೆ, ನುಣ್ಣಗೆ, ಒಂದು ಹರಳಿಲ್ಲದೆ ಬಂದವು. ಬಾಹುಬಲಿಯವರ ಲ್ಯಾಬಿನಲ್ಲಿ ಅವುಗಳನ್ನು ಮತ್ತೆ ಕಾಯಿಸಿದರು, ಆರಿಸಿದರು, ಎಕ್ಸ್‌ರೇ ಹಾಯಿಸಿದರು. ಗಾಜು ಪಂಕ್ತಿ ಹಿಡಿಯಲಿಲ್ಲ. ಕಾವು ನೆಟ್ಟಗೆ ಹಾಯಿತು. ಅದರ ಲೇಖನ ಅಚ್ಚಾದಾಗ ಒಂದೇ ಹೆಸರಿತ್ತು. ಅಕ್ಕನಿಗೆ ಡಾಕ್ಟರೇಟೂ ಬಂತು.

ಸುಖಾಂತ ಅನ್ನುತ್ತೀರೇನು? ನನಗೆ ಸಿಟ್ಟು ಬರಿಸಬೇಡಿ. ಮರುವರ್ಷವೇ ಆ ಕೋಣೆ ಮತ್ತೆ ಸಾಮಾನಿನ ಕೋಣೆಯಾಯಿತು. ಭಟ್ಟಿಯ ಇಟ್ಟಿಗೆಯನ್ನು ಸೈಕಲ್ ಸ್ಟ್ಯಾಂಡಿಗೆ ಹಾಕಿದರು. ಕುರ್ಚಿಗೆ ಹಾರ ಹಾಕಿದ್ದಕ್ಕೆ ಅಕ್ಕನಿಗೆ ಮೆಮೊ ಬಂತು. ಅವಳಿಗಿಂತ ತಡವಾಗಿ ಬಂದವರು ಅವಳಿಗಿಂತ ಮೊದಲು ಮೇಲೇರಿದರು. ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾದ ಹೆಸರನ್ನು ನಮ್ಮೂರಲ್ಲಿ ಯಾರು ಓದುತ್ತಾರೆ? ಊರಿನ ಬಾಯಲ್ಲಿ ಅದು ಸರ್ ಆರಿಸಿದ ಭಟ್ಟಿಯಾಗಿಯೇ ಉಳಿಯಿತು. ಅಕ್ಕ ಮಕ್ಕಳಿಗೆ ಪಾಠ ಹೇಳಿದಳು, ಬಾಟಲಿಯ ನೀರು ಕುಡಿದಳು. ಗಾಜಿನ ಒಂದು ಬಿಲ್ಲೆ ನಮ್ಮ ಮನೆಯ ಗೂಡಿನಲ್ಲಿದೆ.

ಅದಕ್ಕೇ ಆ ಸಭೆಯಲ್ಲಿ ನನ್ನ ಮೈ ಉರಿದದ್ದು. ಭಾಷಣ ಮುಗಿಯಿತು. "ಸರ್ ಕುರಿತು ಯಾರಾದರೂ ಎರಡು ಮಾತು ಆಡುವುದಿದ್ದರೆ ಆಡಬಹುದು" ಎಂದು ಮೈಕಿನಲ್ಲಿ ಕೇಳಿದರು. ಅಕ್ಕ ತನ್ನ ಕೈಗಳನ್ನು ನೋಡುತ್ತ ಕೂತಿದ್ದಳು. ನಾನು ಏಳಬೇಕೆನ್ನುವಷ್ಟರಲ್ಲಿ ಅವ್ವನೇ ಕೋಲು ಊರಿ ಎದ್ದಳು. ಮೈಕು ಅವಳಿಗೆ ಬೇಕಾಗಲಿಲ್ಲ. ವಖಾರಿಯಲ್ಲಿ ಬೆಳೆದ ದನಿ.

"ನಂದೊಂದ ಮಾತ ಐತ್ರಿ. ಮೊದಲನೇ ಸಲ ಭಟ್ಟಿ ಇವರ ಆರಿಸಿದ್ರು. ಖರೆ ಐತಿ. ಎರಡನೇ ಸಲಾನೂ ಆರಸ್ತೇನಂತ ಮಡಿ ಉಟ್ಟಕೊಂಡ ಬಂದಿದ್ರು. ಸ್ವಿಚ್ಚ ಮೊಳ ದೂರ ಇತ್ತು. ಯಾಕ ಆರಿಸಲಿಲ್ಲ? ಅದನ್ನೂ ಈ ಮಂದಿಗೆ ಹೇಳ್ರಿ ಸಾಹೇಬ್ರ."

ಹಿಂದೆ ಬಾಗಿಲ ಬಳಿ ನಿಂತಿದ್ದ ಭೀಮಸಿ ತಲೆ ತಗ್ಗಿಸಿದ. ಸರ್ ಮೈಕಿನ ಹತ್ತಿರ ಬಾಯಿ ಒಯ್ದು, ಮತ್ತೆ ಹಿಂದೆ ತೆಗೆದು, ಹೆಗಲಿನ ಶಾಲನ್ನು ಸರಿಪಡಿಸಿಕೊಂಡರು. ಅವ್ವ ಕೂರಲಿಲ್ಲ. ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತೇ ಇದ್ದಳು.

"ಸಾವಕಾಶ ಹೇಳ್ರಿ" ಎಂದಳು. "ನನಗೇನ ಅವಸರ ಇಲ್ಲ."